ಗಂಗಾವತಿಲಿ ಹಾಕ್ತಾರೆ, ಶಿರಸಿಲಿ ಯಾಕೆ ಹಾಕಿರಲಿಲ್ಲ? ಮೆದುಳು ಜ್ವರದ ಲಸಿಕೆ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಸರ್, ನನ್ನ ತವರು ಶಿರಸಿ ಹತ್ರ ಒಂದು ಹಳ್ಳಿ, ಮದುವೆ ಆಗಿ ಬಂದಿರೋದು ಗಂಗಾವತಿ ಕಡೆಗೆ. ಮಗಳಿಗೆ ಈಗ ಆಗಸ್ಟ್‌ಗೆ 11 ತಿಂಗಳು. 9 ತಿಂಗಳು ತುಂಬಿದಾಗ ದಡಾರ ರುಬೆಲ್ಲಾ ಇಂಜೆಕ್ಷನ್ ಜೊತೆಗೇ ಮೆದುಳು ಜ್ವರದ್ದು ಅಂತ ಇನ್ನೊಂದು ಹಾಕಿದ್ರು. ಅಕ್ಕ ಇನ್ನೂ ತವರು ಕಡೆನೇ ಇದಾಳೆ, ಅವಳ ಮಗನಿಗೆ 8 ವರ್ಷ, ಅವನಿಗೆ ಇದನ್ನ ಹಾಕೇ ಇಲ್ಲ. ಅಲ್ಲೂ ಭತ್ತದ ಗದ್ದೆ ಇದೆ, ಸೊಳ್ಳೆಗೂ ಬರ ಇಲ್ಲ. ಮತ್ತೆ ಈ ಕಾಯಿಲೆ ಕೆಲವು ಜಿಲ್ಲೆಗೆ ಮಾತ್ರ ಯಾಕೆ ಬರುತ್ತೆ? ಅಕ್ಕನ ಮಗ ದಸರಾ ರಜೆಗೆ ಇಲ್ಲಿಗೆ ಬರ್ತಾನೆ, ಭಯ ಪಡಬೇಕಾ?

ಉತ್ತರ:

ಒಳ್ಳೆ ಪ್ರಶ್ನೆ ಕೇಳಿದೀರಿ ತಂಗಿ. ಸುಮಾರು ಜನ ಲಸಿಕೆ ಹಾಕಿಸಬೇಕಾ ಬೇಡ್ವಾ ಅಂತ ಮಾತ್ರ ಕೇಳ್ತಾರೆ, ಅಲ್ಲಿ ಯಾಕಿಲ್ಲ ಇಲ್ಲಿ ಯಾಕಿದೆ ಅಂತ ಕೇಳೋರು ಕಡಿಮೆ, ಆದ್ರೆ ಈ ಕಾಯಿಲೆ ಅರ್ಥ ಆಗೋದೇ ಆ ಪ್ರಶ್ನೆಯಿಂದ. ನಾನು ಕೀಟಶಾಸ್ತ್ರದವನು, ಸೊಳ್ಳೆ ಹಿಡಿಯೋದು, ಎಣಿಸೋದು, ಯಾವ ಜಾತಿ ಅಂತ ನೋಡೋದು, ಇದೇ ಕೆಲಸ ಮಾಡ್ಕೊಂಡು ಬಂದವನು, ಹಾಗಾಗಿ ಸೊಳ್ಳೆ ಕಡೆಯಿಂದಲೇ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದ್ಲು ಒಂದೇ ಮಾತಲ್ಲಿ ಹೇಳಿಬಿಡ್ತೀನಿ. ಭತ್ತ ಒಂದೇ ಇದ್ರೆ ಸಾಲಲ್ಲ, ಸೊಳ್ಳೆ ಒಂದೇ ಇದ್ರೂ ಸಾಲಲ್ಲ. ತಿಂಗಳುಗಟ್ಟಲೆ ನಿಂತಿರೋ ಗದ್ದೆ ನೀರು, ಆ ನೀರಿಗೆ ಇಳಿಯೋ ಬೆಳ್ಳಕ್ಕಿ, ಊರಲ್ಲಿ ಓಡಾಡೋ ಹಂದಿ, ಅದ್ರ ಪಕ್ಕದಲ್ಲೇ ಮಕ್ಕಳು ಮಲಗೋ ಮನೆ, ಈ ನಾಲ್ಕೂ ಒಂದೇ ಜಾಗದಲ್ಲಿ ಒಂದೇ ಕಾಲಕ್ಕೆ ಸೇರಿದ್ರೆ ಮೆದುಳು ಜ್ವರ ಬರುತ್ತೆ. ಯಾವುದೋ ಒಂದು ದೂರ ಇದ್ರೂ ವೈರಸ್ ಸುತ್ತಾಡ್ತಾ ಇರುತ್ತೆ, ಮಕ್ಕಳವರೆಗೆ ಬರೋದು ತುಂಬಾ ಕಡಿಮೆ. ಜಿಲ್ಲೆ ಜಿಲ್ಲೆಗೆ ವ್ಯತ್ಯಾಸ ಬರೋದು ಇಲ್ಲೇ.

ನಮ್ಮಲ್ಲಿ ಮೆದುಳು ಜ್ವರ ಅಂತ ಕರೆಯೋ ಈ ಕಾಯಿಲೆಗೆ ಜಪಾನೀಸ್ ಎನ್ಸೆಫಲೈಟಿಸ್ ಅಂತ ಹೆಸರು, ಆಸ್ಪತ್ರೆ ಚೀಟಿಲಿ ಜೆಇ ಅಂತ ಬರೀತಾರೆ. ಹೆಸರು ನೋಡಿ ಜಪಾನ್‌ನಿಂದ ಬಂತು ಅಂದ್ಕೋಬೇಡಿ, ಅಲ್ಲಿ 1924ರಲ್ಲಿ ದೊಡ್ಡ ಪಿಡುಗು ಆಗಿ 6,000ಕ್ಕೂ ಹೆಚ್ಚು ಜನಕ್ಕೆ ಬಂದು ಅರ್ಧಕ್ಕಿಂತ ಹೆಚ್ಚು ಜನ ತೀರಿಕೊಂಡ್ರು, ಆಮೇಲೆ 1930ರ ದಶಕದಲ್ಲಿ ವೈರಸ್ ಸಿಕ್ಕಿದ್ದೂ ಅಲ್ಲೇ, ಅದಕ್ಕೆ ಆ ಹೆಸರು ಉಳೀತು. ಡೆಂಗ್ಯೂ, ಝೀಕಾ, ಹಳದಿ ಜ್ವರ ಇವೆಲ್ಲಾ ಇದ್ರ ಕುಟುಂಬದವೇ. ಆದ್ರೆ ಡೆಂಗ್ಯೂ ಸೊಳ್ಳೆ ಬೇರೆ, ಇದ್ರ ಸೊಳ್ಳೆ ಬೇರೆ, ಅದನ್ನ ಒಂದ್ಸಲ ಮನಸ್ಸಿಗೆ ತಗೊಂಡ್ರೆ ಉಳಿದಿದ್ದೆಲ್ಲಾ ಸುಲಭ.

ಸಿರುಗುಪ್ಪ ಕಡೆ ಒಂದು ಹಳ್ಳಿಲಿ ಸಂಜೆ ಸೊಳ್ಳೆ ಹಿಡಿಯೋಕೆ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾವು ಇದನ್ನ ಮಾಡೋದು ದನದ ಕೊಟ್ಟಿಗೆಲಿ, ಹೊತ್ತು ಮುಳುಗಿ ಕತ್ತಲಾಗೋ ಆ ಒಂದು ಗಂಟೆಲಿ. ಕೈಲಿ ಒಂದು ಟಾರ್ಚು, ಇನ್ನೊಂದು ಕೈಲಿ ಗಾಜಿನ ಕೊಳವೆಗೆ ರಬ್ಬರ್ ಪೈಪ್ ಸಿಕ್ಕಿಸಿರೋ ಆಸ್ಪಿರೇಟರ್, ಗೋಡೆ ಮೇಲೆ, ಹಗ್ಗದ ಮೇಲೆ, ಎಮ್ಮೆ ಹೊಟ್ಟೆ ಪಕ್ಕ ಕೂತಿರೋ ಸೊಳ್ಳೆನ ಬಾಯಿಂದ ಉಸಿರು ಎಳೆದು ಕೊಳವೆ ಒಳಗೆ ತಗೋಬೇಕು, ನಡುವೆ ಬಲೆ ಬಟ್ಟೆ ಇರುತ್ತೆ, ಬಾಯಿಗೆ ಬರಲ್ಲ. ಅವತ್ತು ಭತ್ತ ನಾಟಿ ಆಗಿ ಒಂದು ತಿಂಗಳಾಗಿತ್ತು. ಹದಿನೈದು ನಿಮಿಷಕ್ಕೇ ಒಂದು ಟ್ಯೂಬ್ ತುಂಬಿತು, ಎರಡನೇದು ತಗೊಂಡೆ, ಮೂರನೇದಕ್ಕೆ ಹುಡುಗನ್ನ ಜೀಪಿಗೆ ಓಡಿಸಿದೆ. ಲೆನ್ಸ್ ಇಟ್ಟು ನೋಡಿದ್ರೆ ಬಹುಪಾಲು ಒಂದೇ ಜಾತಿ, ಸಣ್ಣಗೆ ಕಂದು ಬಣ್ಣ, ಸೊಂಡಿಲಿನ ಮಧ್ಯದಲ್ಲಿ ಒಂದು ಬಿಳಿ ಪಟ್ಟಿ. ಅದೇ ಕ್ಯೂಲೆಕ್ಸ್ ಟ್ರೈಟೇನಿಯೋರಿಂಕಸ್. ಏಷ್ಯಾದಲ್ಲಿ ಮೆದುಳು ಜ್ವರ ಹರಡೋದ್ರಲ್ಲಿ ಮುಖ್ಯವಾದ ಸೊಳ್ಳೆ ಅದು. ಅದೇ ಗುಂಪಿನ ಕ್ಯೂಲೆಕ್ಸ್ ವಿಷ್ಣುಯಿ ಅಂತ ಇದೆ, ಬೆನ್ನು ಹೊಳೆಯೋ ಕ್ಯೂಲೆಕ್ಸ್ ಜೆಲಿಡಸ್ ಅಂತ ಇನ್ನೊಂದಿದೆ, ಅವೂ ಇದೇ ಕೆಲಸ ಮಾಡ್ತವೆ.

ಅಲ್ಲಿ ಪಡಸಾಲೆಲಿ ಕೂತಿದ್ದ ಅಜ್ಜಿ ಒಬ್ರು "ನಮ್ಮನೆ ಚರಂಡಿ ಕ್ಲೀನಾಗೇ ಐತೆ ನೋಡ್ರಿ, ಆದ್ರೂ ಇಷ್ಟು ಸೊಳ್ಳೆ ಎಲ್ಲಿಂದ ಬರ್ತಾವ" ಅಂತ ಕೇಳಿದ್ರು. ಅವರು ಹೇಳಿದ್ದು ಸರಿಯೇ ಇತ್ತು. ಈ ಸೊಳ್ಳೆ ಚರಂಡಿದಲ್ಲ, ಹೂಕುಂಡದ ನೀರಿಂದೂ ಅಲ್ಲ, ಗದ್ದೆದು. ನಾಟಿ ಮಾಡಿದ ಮೇಲೆ ಪೈರು ಇನ್ನೂ ಎಳೇದಿರುವಾಗ, ಬಿಸಿಲು ನೀರಿಗೆ ಬೀಳ್ತಾ ಇರುವಾಗ, ಅದರ ಮೊಟ್ಟೆಗಳು ಸಣ್ಣ ತೆಪ್ಪದ ಹಾಗೆ ಒಟ್ಟಿಗೆ ಅಂಟಿಕೊಂಡು ನೀರಿನ ಮೇಲೆ ತೇಲ್ತಾ ಇರ್ತವೆ, ಬೆಚ್ಚಗಿದ್ರೆ ಹತ್ತು ಹನ್ನೆರಡು ದಿನಕ್ಕೆ ರೆಕ್ಕೆ ಬಂದು ಹಾರುತ್ತೆ. ಯೂರಿಯಾ ಹಾಕಿದ ಮೇಲೆ ಗದ್ದೆಲಿ ಇದರ ಮರಿಹುಳ ಜಾಸ್ತಿ ಆಗುತ್ತೆ ಅಂತ ತಮಿಳುನಾಡಿನ ಗದ್ದೆಗಳಲ್ಲಿ ಸಂಶೋಧನೆ ಮಾಡಿ ತೋರಿಸಿದಾರೆ. ಪೈರು ಬೆಳೆದು ಎಲೆ ಎಲೆಗೆ ಕೂಡಿ ನೀರು ಮುಚ್ಚಿಕೊಂಡ ಮೇಲೆ ಕಡಿಮೆ ಆಗುತ್ತೆ. ಅಂದ್ರೆ ಇದರ ಕಾಲ ನಿಮ್ಮೂರಿನ ನಾಟಿ ಕಾಲದ ಜೊತೆಗೇ ಸಾಗುತ್ತೆ.

ಇನ್ನೊಂದು ವಿಷಯ, ಈ ಸೊಳ್ಳೆಗೆ ಮನುಷ್ಯರು ಅಷ್ಟಾಗಿ ಬೇಕಿಲ್ಲ. ದನ, ಎಮ್ಮೆ, ಹಂದಿ ಇದಕ್ಕೆ ಇಷ್ಟ, ಅದಕ್ಕೇ ನಾವು ಕೊಟ್ಟಿಗೆಗೆ ಹೋಗೋದು. ಮನೆ ಹೊರಗೇ ಕಚ್ಚುತ್ತೆ, ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ, ಕಚ್ಚಿ ಗಿಡದ ಮರೆಲಿ ಹೋಗಿ ಕೂರುತ್ತೆ. ಒಂದೂವರೆ ಕಿಲೋಮೀಟರ್‌ವರೆಗೆ, ಕೆಲವು ಸಲ ಅದಕ್ಕಿಂತ ದೂರವೂ ಹಾರುತ್ತೆ. ಸೊಳ್ಳೆ ಸಂಖ್ಯೆ ಗದ್ದೆಲಿ ಮಿತಿ ಮೀರಿದಾಗ ದನಕ್ಕೂ ಸಾಲದೆ ಉಳಿದಿದ್ದು ಜಗಲಿ ಮೇಲೆ ಮಲಗಿರೋ ಮಗುನ ಕಚ್ಚುತ್ತೆ.

ಆದ್ರೆ ಬರೀ ಕಚ್ಚಿದ್ರೆ ಏನೂ ಆಗಲ್ಲ, ಅದರ ಹೊಟ್ಟೆಲಿ ವೈರಸ್ ಇರಬೇಕು. ಅದು ಎಲ್ಲಿಂದ ಬರುತ್ತೆ ಅಂದ್ರೆ ಬೆಳ್ಳಕ್ಕಿ, ಬಕ, ಕೊಕ್ಕರೆ ತರದ ನೀರು ಹಕ್ಕಿಗಳಿಂದ. ಅವು ವೈರಸ್ ಹೊತ್ಕೊಂಡು ಕೆರೆಯಿಂದ ಗದ್ದೆಗೆ, ಗದ್ದೆಯಿಂದ ಇನ್ನೊಂದು ಊರಿಗೆ ಹಾರ್ತವೆ, ಅವಕ್ಕೆ ಕಾಯಿಲೆ ಬರಲ್ಲ. ಹಕ್ಕಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಹಂದಿಗೆ. ಹಂದಿ ಒಳಗೆ ಏನಾಗುತ್ತೆ ನೋಡಿ, ವೈರಸ್ ಎರಡು ನಾಲ್ಕು ದಿನ ರಕ್ತದಲ್ಲಿ ವಿಪರೀತ ಹೆಚ್ಚಾಗಿಬಿಡುತ್ತೆ, ಆ ದಿನಗಳಲ್ಲಿ ಅದನ್ನ ಕಚ್ಚಿದ ಸೊಳ್ಳೆಗಳಿಗೆಲ್ಲಾ ವೈರಸ್ ಸಿಗುತ್ತೆ. ಒಂದ್ಸಲ ಬಂದ ಹಂದಿಗೆ ಮತ್ತೆ ಬರಲ್ಲ, ಆದ್ರೆ ಹಂದಿ ವರ್ಷಕ್ಕೆ ಎರಡು ಸಲ ಮರಿ ಹಾಕುತ್ತೆ, ದೊಡ್ಡವನ್ನ ಮಾರ್ತಾರೆ, ಹಾಗಾಗಿ ಪ್ರತಿ ಸೀಸನ್‌ಗೂ ಯಾವತ್ತೂ ವೈರಸ್ ಕಾಣದ ಹೊಸ ಮರಿಗಳು ಊರಲ್ಲಿ ರೆಡಿ ಇರ್ತವೆ. ದನದ ಮೈಯಲ್ಲಿ ವೈರಸ್ ಈ ರೀತಿ ಹೆಚ್ಚಾಗಲ್ಲ. ಮನುಷ್ಯರ ರಕ್ತದಲ್ಲೂ ಸೊಳ್ಳೆಗೆ ಸಿಗುವಷ್ಟು ಇರಲ್ಲ, ಅದಕ್ಕೇ ಒಬ್ಬರಿಂದ ಒಬ್ಬರಿಗೆ ಇದು ಹರಡೋದಿಲ್ಲ. ಪಕ್ಕದ ಮನೆ ಮಗುಗೆ ಮೆದುಳು ಜ್ವರ ಬಂತು ಅಂತ ಆ ಮನೆಯವರನ್ನ ದೂರ ಇಡೋದನ್ನ ನಾನು ನೋಡಿದೀನಿ, ದಯವಿಟ್ಟು ಹಂಗೆ ಮಾಡಬೇಡಿ, ಆ ತಾಯಿಗೆ ಆಗಿರೋ ನೋವೇ ಸಾಕಷ್ಟಿರುತ್ತೆ.

ಈಗ ನಿಮ್ಮ ತವರನ್ನೂ ಗಂಡನ ಮನೆನೂ ಪಕ್ಕ ಪಕ್ಕ ಇಟ್ಟು ನೋಡೋಣ. ಶಿರಸಿ ಕಡೆ ಗದ್ದೆ ಅಂದ್ರೆ ಗುಡ್ಡದ ಸಂದಿಲಿ, ತೋಟದ ಪಕ್ಕ, ಮೆಟ್ಟಿಲು ಮೆಟ್ಟಿಲಾಗಿ ಇರೋ ಸಣ್ಣ ಸಣ್ಣ ತುಂಡು. ಮಳೆ ನೀರಲ್ಲಿ ಬಹುತೇಕ ಒಂದೇ ಬೆಳೆ, ನೀರು ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ಹರೀತಾನೇ ಇರುತ್ತೆ, ಆಷಾಢದ ಮಳೆ ಹೊಡೆತಕ್ಕೆ ಮರಿಹುಳ ಕೊಚ್ಕೊಂಡು ಹೋಗ್ತವೆ. ಮನೆಗಳು ದೂರ ದೂರ, ಊರೊಳಗೆ ಹಂದಿ ಸಾಕೋದು ಕಡಿಮೆ. ಅಲ್ಲೂ ಈ ಸೊಳ್ಳೆ ಇದೆ, ಬೆಳ್ಳಕ್ಕಿ ಇದೆ, ಆದ್ರೆ ವೈರಸ್ಸನ್ನ ಹೆಚ್ಚು ಮಾಡೋ ಕೊಂಡಿ ಗಟ್ಟಿ ಇಲ್ಲ. ಗಂಗಾವತಿ ಹಂಗಲ್ಲ. 1953ರಲ್ಲಿ ತುಂಗಭದ್ರಾ ಡ್ಯಾಮ್ ಆದ ಮೇಲೆ ಎಡದಂಡೆ ನಾಲೆ ನೀರು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಹರೀತು, ಬಲದಂಡೆ ಕಡೆ ಸಿರುಗುಪ್ಪ, ಜೋಳ ಹತ್ತಿ ಬೆಳೀತಿದ್ದ ಒಣ ಬಯಲು ಕಣ್ಣು ಹಾಯಿಸಿದಷ್ಟು ದೂರ ಭತ್ತ ಆಯ್ತು. ಚಪ್ಪಟೆ ನೆಲ, ನಾಲೆ ನೀರು ಬಂದ್ರೆ ನಿಂತೇ ಇರುತ್ತೆ, ಮುಂಗಾರು ಬೆಳೆ ಆದ ಮೇಲೆ ಜನವರಿ ಫೆಬ್ರವರಿಲಿ ಬೇಸಿಗೆ ಬೆಳೆ ನಾಟಿ, ಅಂದ್ರೆ ಸೊಳ್ಳೆಗೆ ವರ್ಷದಲ್ಲಿ ಎರಡು ಹಬ್ಬ. ಊರ ಅಂಚಲ್ಲಿ ಬಿಟ್ಟ ಹಂದಿಗಳು ನೀವೇ ನೋಡಿರ್ತೀರಿ. ನಾಲ್ಕೂ ಕೂಡಿದ ಜಾಗ ಅದು.

1980ರ ಸುಮಾರಿಗೆ ಕರ್ನಾಟಕದ ಲೆಕ್ಕ ನೋಡಿದವರು ಬರೆದಿಟ್ಟಿರೋದೂ ಇದನ್ನೇ ಹೇಳುತ್ತೆ, ನಮ್ಮಲ್ಲಿ ವರ್ಷಕ್ಕೆ ಎರಡು ಅಲೆ, ಏಪ್ರಿಲ್‌ನಿಂದ ಜುಲೈವರೆಗೆ ಒಂದು ಜೋರಾದ್ದು, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು ಸ್ವಲ್ಪ ಮೆಲ್ಲಗಿಂದು. ಉತ್ತರ ಭಾರತದಲ್ಲಿ ಹಾಗಿಲ್ಲ, ಅಲ್ಲಿ ಮುಂಗಾರಿನ ಹಿಂದೆ ಜುಲೈನಿಂದ ಅಕ್ಟೋಬರ್, ನವೆಂಬರ್‌ವರೆಗೆ ಒಂದೇ ದೊಡ್ಡ ಅಲೆ, ಚಳಿ ಬಂತು ಅಂದ್ರೆ ಮುಗೀತು. ಒಂದೇ ವೈರಸ್, ಕ್ಯಾಲೆಂಡರ್ ಬೇರೆ.

ನಮ್ಮ ರಾಜ್ಯದಲ್ಲೇ ಇನ್ನೂ ಎರಡು ಮುಖ ಇವೆ. ಮಂಡ್ಯ ಗಂಗಾವತಿಗೆ ಅಕ್ಕನ ಹಾಗೆ, ಕೆಆರ್‌ಎಸ್ ನೀರು ವಿಶ್ವೇಶ್ವರಯ್ಯ ನಾಲೆಲಿ ಹರಿದು ಭತ್ತ ಕಬ್ಬು ಬೆಳೆಯೋ ನೆಲ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು, ಅದೇ ಎನ್‌ಐವಿ ಅಂತಾರಲ್ಲ, ಅಲ್ಲಿ ವರ್ಷಗಟ್ಟಲೆ ಸೊಳ್ಳೆ ಅಧ್ಯಯನ ಮಾಡಿದಾರೆ. ಕೋಲಾರ ಮಾತ್ರ ಬೇರೆ ಥರ. ಅಲ್ಲಿ ನಾಲೆ ಇರಲಿಲ್ಲ, ದೊಡ್ಡ ಡ್ಯಾಮ್ ಇರಲಿಲ್ಲ, ಕೆರೆ ಇದ್ವು, ಕೆರೆ ತುಂಬಿದ ವರ್ಷ ಅಚ್ಚುಕಟ್ಟಲ್ಲಿ ಭತ್ತ, ಕೆರೆ ಅಂಗಳದಲ್ಲಿ ಬಕ ಬೆಳ್ಳಕ್ಕಿ. 1970ರ ದಶಕದ ಕೊನೆಲಿ ಅಲ್ಲಿ ಮೆದುಳು ಜ್ವರ ಜೋರಾಗಿ ಬಂತು. ಕರ್ನಾಟಕದ ಜನ ತಿಳ್ಕೋಬೇಕಾದ ಒಂದು ಸಂಗತಿ ಇಲ್ಲಿದೆ: 1980ರ ದಶಕದ ಶುರುಲಿ ಎನ್‌ಐವಿಯವರು ಕೋಲಾರದಲ್ಲಿ ಬೇರ್ಪಡಿಸಿ ತೆಗೆದ ವೈರಸ್ ತಳಿಯಿಂದಲೇ ಭಾರತದ್ದೇ ಆದ ಲಸಿಕೆ ತಯಾರಾಯ್ತು, ಭಾರತ್ ಬಯೋಟೆಕ್‌ನವರ ಜೆನ್‌ವ್ಯಾಕ್, 2013ರಲ್ಲಿ ಬಂತು. ಎಲ್ಲೋ ಕೋಲಾರದ ಹಳ್ಳಿ ಮಕ್ಕಳನ್ನ ತಗೊಂಡು ಹೋದ ಕಾಯಿಲೆ ಮೂವತ್ತು ವರ್ಷ ಆದ್ಮೇಲೆ ಬೇರೆ ಮಕ್ಕಳನ್ನ ಕಾಯೋ ಮದ್ದಾಯ್ತು, ಅದನ್ನ ನೆನೆದಾಗೆಲ್ಲಾ ನನಗೆ ಮನಸ್ಸು ಭಾರ ಆಗುತ್ತೆ. ಅದೇ ಹೊತ್ತಿಗೆ ಮೈಸೂರು, ಕೋಲಾರ ಜಿಲ್ಲೆಗಳಲ್ಲಿ ಮೆದುಳು ಜ್ವರ ಅಂತ ತೀರಿಕೊಂಡ ಕೆಲವು ಮಕ್ಕಳ ಮೆದುಳಲ್ಲಿ ವೆಸ್ಟ್ ನೈಲ್ ಅನ್ನೋ ಇನ್ನೊಂದು ವೈರಸ್ಸೂ ಸಿಕ್ಕಿತ್ತು. ಅಂದ್ರೆ ಒಂದೇ ಸೀಮೆಲಿ, ಹೆಚ್ಚು ಕಡಿಮೆ ಒಂದೇ ಜಾತಿ ಸೊಳ್ಳೆಯಿಂದ ಎರಡು ಬೇರೆ ಬೇರೆ ಮೆದುಳು ಜ್ವರ.

ಲಸಿಕೆ ವಿಷಯಕ್ಕೆ ಬರ್ತೀನಿ. 2005ರಲ್ಲಿ ಉತ್ತರ ಪ್ರದೇಶದ ಗೋರಖ್‌ಪುರ ಸುತ್ತಮುತ್ತ ಆದ ಅನಾಹುತ ನಿಮಗೆ ನೆನಪಿರಲಿಕ್ಕಿಲ್ಲ, ನೀವಾಗ ಚಿಕ್ಕವರು. ಒಂದೇ ವರ್ಷದಲ್ಲಿ 1,300ಕ್ಕೂ ಹೆಚ್ಚು ಸಾವು, ಬಹುಪಾಲು ಮಕ್ಕಳು. ನೇಪಾಳದ ಗಡಿಗೆ ಹತ್ತಿಕೊಂಡಿರೋ ತರಾಯಿ ಪ್ರದೇಶ ಅದು, ಹಿಮಾಲಯದಿಂದ ಇಳಿದ ನದಿಗಳು ಮಳೆಗಾಲದಲ್ಲಿ ಉಕ್ಕಿ ಹರಡ್ತವೆ, ಎಲ್ಲಿ ನೋಡಿದ್ರೂ ನಿಂತ ನೀರು, ಭತ್ತ, ಹಂದಿ, ಮತ್ತೆ ಲಸಿಕೆ ಇಲ್ಲದ ಲಕ್ಷಾಂತರ ಮಕ್ಕಳು. ಆ ಸಾವುಗಳಾದ ಮೇಲೆ 2006ರಲ್ಲಿ ದೇಶದಲ್ಲಿ ಮೊದಲ ದೊಡ್ಡ ಲಸಿಕೆ ಅಭಿಯಾನ ಶುರು ಆಯ್ತು, ನಾಲ್ಕು ರಾಜ್ಯದ 11 ಜಿಲ್ಲೆ, ಚೀನಾದಲ್ಲಿ ತಯಾರಾದ ಲಸಿಕೆ, 1ರಿಂದ 15 ವರ್ಷದ ಮಕ್ಕಳಿಗೆ. ಆ 11ರಲ್ಲಿ ಕರ್ನಾಟಕದ್ದು ಒಂದೇ, ಬಳ್ಳಾರಿ. ತುಂಗಭದ್ರೆ ನೀರು ಕುಡಿಯೋ ಗದ್ದೆ ಸೀಮೆ ಮೊದಲ ಪಟ್ಟಿಲೇ ಬಂದಿದ್ದು ಸುಮ್ಮನೆ ಅಲ್ಲ. ಆಮೇಲೆ ಕೊಪ್ಪಳ, ರಾಯಚೂರು, ಮಂಡ್ಯ, ಕೋಲಾರ, ಚಿಕ್ಕಬಳ್ಳಾಪುರ ಹೀಗೆ ಸೇರ್ತಾ ಬಂದ್ವು. 2022ರ ಡಿಸೆಂಬರ್‌ನಲ್ಲಿ ಇನ್ನೂ 10 ಜಿಲ್ಲೆ ಸೇರಿಸಿ ಸುಮಾರು 48 ಲಕ್ಷ ಮಕ್ಕಳಿಗೆ ಅಂತ ಅಭಿಯಾನ ಮಾಡಿದ್ರು, ಬಾಗಲಕೋಟೆ, ಗದಗ, ಹಾವೇರಿ, ಕಲಬುರಗಿ, ಯಾದಗಿರಿ, ತುಮಕೂರು, ರಾಮನಗರ, ಹಾಸನ, ಉಡುಪಿ, ದಕ್ಷಿಣ ಕನ್ನಡ. ಕೊನೆ ಎರಡು ಹೆಸರು ನೋಡಿ. ಕರಾವಳಿಲಿ ಇಲ್ಲ ಅಂತ ಎಷ್ಟೋ ಜನ ಅಂದ್ಕೊಂಡಿದ್ರು. ಹಾಗಾಗಿ ನಿಮ್ಮ ತವರಿನ ಜಿಲ್ಲೆ ಆಗ ಪಟ್ಟಿಲಿ ಇರಲಿಲ್ಲ ಅನ್ನೋದಕ್ಕೆ ಅಲ್ಲಿ ಅಪಾಯ ಕಡಿಮೆ ಅಂತ ಅರ್ಥ, ಅಪಾಯ ಸೊನ್ನೆ ಅಂತಲ್ಲ. ಪಟ್ಟಿಗೆ ಜಿಲ್ಲೆ ಸೇರೋದು ಕೇಸ್ ಪತ್ತೆ ಆದಾಗ, ಕೇಸ್ ಪತ್ತೆ ಆಗೋದು ಬೆನ್ನುಹುರಿ ನೀರು ತೆಗೆದು ಟೆಸ್ಟ್ ಮಾಡಿದಾಗ. ಟೆಸ್ಟ್ ಮಾಡದ ಊರು ನಕ್ಷೆಲಿ ಯಾವತ್ತೂ ಬಿಳಿಯಾಗೇ ಕಾಣುತ್ತೆ. ಬೆಂಗಳೂರಿನ ನಿಮ್ಹಾನ್ಸ್ ಈ ಟೆಸ್ಟ್‌ಗೆ ದೇಶದ ದೊಡ್ಡ ಕೇಂದ್ರಗಳಲ್ಲಿ ಒಂದು, ನಮ್ಮ ರಾಜ್ಯದ ನಕ್ಷೆ ಇಷ್ಟಾದ್ರೂ ಸ್ಪಷ್ಟ ಇರೋಕೆ ಅದೂ ಒಂದು ಕಾರಣ.

ಭಾರತದ ಬೇರೆ ಕಡೆ ನೋಡಿದ್ರೂ ಇದೇ ನಾಲ್ಕು ಸಂಗತಿ ಬೇರೆ ಬೇರೆ ವೇಷದಲ್ಲಿ ಕಾಣ್ತವೆ. 1955ರಲ್ಲಿ ದೇಶದ ಮೊದಲ ರೋಗಿ ಗುರುತಿಸಿದ್ದು ತಮಿಳುನಾಡಿನ ವೆಲ್ಲೂರಲ್ಲಿ, ನಮ್ಮ ಕೋಲಾರದಿಂದ ದೂರ ಏನಿಲ್ಲ. 1973ರಲ್ಲಿ ಪಶ್ಚಿಮ ಬಂಗಾಳದ ಬಾಂಕುರಾ, ಬರ್ದ್ವಾನ್‌ನಲ್ಲಿ ಮೊದಲ ದೊಡ್ಡ ಪಿಡುಗು, ಅದೂ ಭತ್ತದ ಕಣಜವೇ. ಕೇರಳದ್ದು ನನಗೆ ತುಂಬಾ ಕುತೂಹಲದ ಕೇಸು. 1996ರಲ್ಲಿ ಕುಟ್ಟನಾಡಲ್ಲಿ ಬಂತು, ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯೋ ಜಾಗ ಅದು, ಸುತ್ತ ಹಿನ್ನೀರು, ಕಾಲುವೆ ತುಂಬಾ ತೇಲೋ ಗಿಡ. ಅಲ್ಲಿ ಕ್ಯೂಲೆಕ್ಸ್ ಜೊತೆಗೆ ಮ್ಯಾನ್ಸೋನಿಯಾ ಅನ್ನೋ ಸೊಳ್ಳೆಲೂ ವೈರಸ್ ಸಿಕ್ತು, ಆ ಸೊಳ್ಳೆಯ ಮರಿಹುಳ ನೀರಿನ ಗಿಡದ ಬೇರಿಗೇ ಚುಚ್ಚಿಕೊಂಡು ಅಲ್ಲಿಂದ ಗಾಳಿ ಎಳ್ಕೊಳ್ಳುತ್ತೆ, ಮೇಲೆ ಬರೋದೇ ಇಲ್ಲ. ಗೋರಖ್‌ಪುರಕ್ಕೆ ಬರೆದ ಔಷಧಿ ಚೀಟಿ ಕುಟ್ಟನಾಡಿಗೆ ನಡೆಯಲ್ಲ ಅನ್ನೋದು ಅದಕ್ಕೇ. ಪಂಜಾಬಲ್ಲಿ ಅಷ್ಟೊಂದು ಭತ್ತ ಇದ್ರೂ ಗೋರಖ್‌ಪುರದ ಥರ ಯಾವತ್ತೂ ಆಗಲಿಲ್ಲ ನೋಡಿ, ಭತ್ತ ಒಂದೇ ಇದ್ರೆ ಸಾಲಲ್ಲ ಅಂತ ಮೊದ್ಲೇ ಹೇಳಿದ್ದು ಇದಕ್ಕೇ.

ಅಸ್ಸಾಂ ಕಡೆ ಇನ್ನೊಂದು ಪಾಠ ಇದೆ. ಸಾಮಾನ್ಯವಾಗಿ ಇದು ಮಕ್ಕಳ ಕಾಯಿಲೆ, ಯಾಕಂದ್ರೆ ಕಾಯಿಲೆ ಹಳೇದಾಗಿರೋ ಊರಲ್ಲಿ ದೊಡ್ಡವರಿಗೆಲ್ಲಾ ಚಿಕ್ಕಂದಲ್ಲೇ ಗೊತ್ತಿಲ್ಲದ ಹಾಗೆ ಸೋಂಕು ತಗುಲಿ ಹೋಗಿರುತ್ತೆ. ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಮೆದುಳಿಗೆ ಏರೋದು, ಉಳಿದವರಿಗೆ ಸಣ್ಣ ಜ್ವರ, ಇಲ್ಲಾ ಏನೂ ಇಲ್ಲ. ಆದ್ರೆ ಅಸ್ಸಾಮಲ್ಲಿ ದೊಡ್ಡವರೇ ಹೆಚ್ಚು ಬೀಳೋಕೆ ಶುರು ಆಯ್ತು, ಅದಕ್ಕೆ 2011ರಿಂದ ಅಲ್ಲಿ ದೊಡ್ಡವರಿಗೂ ಲಸಿಕೆ ಹಾಕೋಕೆ ಶುರು ಮಾಡಿದ್ರು. ಹಾಗಾಗಿ ರೋಗಿಗಳ ವಯಸ್ಸನ್ನ ನೋಡೋದು ನಮಗೆ ಅಭ್ಯಾಸ ಆಗಿಬಿಟ್ಟಿದೆ, ಅದು ಆ ಊರಿನ ಹಳೇ ಕಥೆನ ಹೇಳಿಬಿಡುತ್ತೆ. ಆಸ್ಟ್ರೇಲಿಯಾದಲ್ಲೂ ಇದೇ ಆಯ್ತು. ಅಲ್ಲಿ 2022ಕ್ಕೆ ಮುಂಚೆ ಈ ಕಾಯಿಲೆ ಉತ್ತರದ ತುದಿ ದ್ವೀಪಗಳ ಕಡೆ ಮಾತ್ರ ಅಪರೂಪಕ್ಕೆ ಕಾಣ್ತಿತ್ತು, ಆ ವರ್ಷ ವಿಪರೀತ ಮಳೆ ನೆರೆ ಬಂದು ನೀರು ಹಕ್ಕಿಗಳು ಒಳನಾಡಿಗೆ ಬಂದ್ವು, ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ಕಡೆ ಹತ್ತಾರು ಹಂದಿ ಫಾರಂಗಳಲ್ಲಿ ಸತ್ತ ಮರಿ ಹುಟ್ಟೋಕೆ ಶುರು ಆಗಿ, 40ಕ್ಕೂ ಹೆಚ್ಚು ಜನಕ್ಕೆ ಬಂದು 7 ಜನ ತೀರಿಕೊಂಡ್ರು, ಅವರಲ್ಲಿ ದೊಡ್ಡವರೂ ಇದ್ರು. ಮೆಲ್ಬರ್ನ್, ಸಿಡ್ನಿ ಕಡೆ ಇರೋ ನಮ್ಮ ಕನ್ನಡದವರು ಒಳನಾಡಿನ ನದಿ ದಂಡೆಗೆ ಕ್ಯಾಂಪಿಂಗ್ ಹೋಗೋರಿದ್ರೆ ಇದು ಗೊತ್ತಿರಲಿ.

ಇಲ್ಲೊಂದು ಎಚ್ಚರಿಕೆ ಮಾತು ಹೇಳಲೇಬೇಕು. ಟಿವಿಲಿ ಮೆದುಳು ಜ್ವರ ಅಂತ ಬಂದಿದ್ದೆಲ್ಲಾ ಇದೇ ಅಲ್ಲ. ಬಿಹಾರದ ಮುಜಫ್ಫರ್‌ಪುರದಲ್ಲಿ ಬೇಸಿಗೆಲಿ ಮಕ್ಕಳು ಬೆಳಗಿನ ಜಾವ ಪಿಟ್ಸ್ ಬಂದು ತೀರಿಕೊಳ್ತಿದ್ವು, ಎಷ್ಟೋ ವರ್ಷ ಅದನ್ನೂ ವೈರಸ್ ಅಂದ್ಕೊಂಡ್ರು, ಕೊನೆಗೆ ಗೊತ್ತಾಗಿದ್ದು ರಾತ್ರಿ ಊಟ ಇಲ್ಲದ ಬಡ ಮಕ್ಕಳು ತೋಟದಲ್ಲಿ ಲಿಚಿ ಹಣ್ಣು ತಿಂದು ಮಲಗಿದಾಗ ಅದ್ರಲ್ಲಿರೋ ವಿಷಕ್ಕೆ ರಕ್ತದ ಸಕ್ಕರೆ ಏಕ್ದಂ ಇಳಿದು ಹೋಗ್ತಿತ್ತು ಅಂತ. ಗೋರಖ್‌ಪುರದಲ್ಲೂ ಲಸಿಕೆ ಬಂದು ಜೆಇ ಕಡಿಮೆ ಆದ ಮೇಲೂ ಜ್ವರ ನಿಲ್ಲಲಿಲ್ಲ, ಹುಡುಕಿದ್ರೆ ಅದ್ರಲ್ಲಿ ದೊಡ್ಡ ಪಾಲು ಸ್ಕ್ರಬ್ ಟೈಫಸ್, ಪೊದೆಲಿರೋ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ ಬರೋದು, ಡಾಕ್ಸಿಸೈಕ್ಲಿನ್ ಅನ್ನೋ ಅಗ್ಗದ ಆಂಟಿಬಯಾಟಿಕ್‌ಗೆ ವಾಸಿ ಆಗೋದು. ಒಡಿಶಾದ ಮಲ್ಕಾನ್‌ಗಿರಿಲಿ 2016ರಲ್ಲಿ ಅಷ್ಟು ಮಕ್ಕಳು ಹೋದಾಗ ಜೆಇಯೂ ಇತ್ತು, ಒಂದು ಕಾಡು ಗಿಡದ ಬೀಜದ ವಿಷವೂ ಸೇರಿತ್ತು ಅಂತ ತಜ್ಞರು ಹೇಳಿದ್ರು. ನಮ್ಮ ಕ್ಯಾಸನೂರು ಕಾಡಿನ ಕಾಯಿಲೆ, ಅದೇ ಮಂಗನ ಕಾಯಿಲೆ, ಅದು ಉಣ್ಣೆಯಿಂದ ಬರೋದು, ನಿಮ್ಮ ತವರಿನವರು ಹೆಚ್ಚು ಹುಷಾರಾಗಿರಬೇಕಾಗಿರೋದು ಅದಕ್ಕೇ. ನಿಮ್ಮೂರಲ್ಲಿ ಯಾವ ಕಾಯಿಲೆ ಓಡಾಡ್ತಿದೆ ಅನ್ನೋದು ಗೊತ್ತಿದ್ರೆ ಡಾಕ್ಟ್ರಿಗೆ ಮೊದಲ ಗಂಟೆಲೇ ದಾರಿ ಸಿಗುತ್ತೆ.

ಜಪಾನ್, ದಕ್ಷಿಣ ಕೊರಿಯಾ, ತೈವಾನ್ ಇವತ್ತು ಭತ್ತ ಬಿಟ್ಟಿಲ್ಲ, ಹಂದಿನೂ ಬಿಟ್ಟಿಲ್ಲ. ಆದ್ರೂ ಅಲ್ಲಿ ಕೇಸ್ ಬೆರಳೆಣಿಕೆಗೆ ಇಳಿದಿವೆ. ಮಕ್ಕಳಿಗೆ ತಪ್ಪದೆ ಲಸಿಕೆ ಹಾಕಿದ್ರು, ಹಂದಿನ ಮನೆ ಪಕ್ಕದಿಂದ ಎತ್ತಿ ದೂರದ ಫಾರಂಗೆ ಹಾಕಿದ್ರು, ಗದ್ದೆ ನೀರನ್ನ ಆಗಾಗ ಬಸಿದು ಒಣಗಿಸಿದ್ರು. ವೈರಸ್ ಇನ್ನೂ ಅಲ್ಲೇ ಇದೆ, ಹಕ್ಕಿಲಿ ಇದೆ, ಸೊಳ್ಳೆಲಿ ಇದೆ, ಮಕ್ಕಳನ್ನ ಮುಟ್ಟೋಕೆ ಆಗ್ತಿಲ್ಲ ಅಷ್ಟೇ. ನಮ್ಮಲ್ಲಿ ಒಂದು ಕೇಸ್ ಬಂದ ತಕ್ಷಣ ಬೀದಿ ಬೀದಿಗೆ ಹೊಗೆ ಹೊಡೆಯೋ ಮಷಿನ್ ತರ್ತಾರೆ, ಜನಕ್ಕೂ ಸಮಾಧಾನ ಆಗುತ್ತೆ, ಆದ್ರೆ ಸಾವಿರಾರು ಎಕರೆ ಗದ್ದೆಲಿ ಹುಟ್ಟಿ ಹೊರಗೇ ಇರೋ ಸೊಳ್ಳೆಗೆ ಬೀದಿ ಹೊಗೆ ಎಷ್ಟು ಮುಟ್ಟುತ್ತೆ ನೀವೇ ಯೋಚನೆ ಮಾಡಿ. ನನ್ನ ಕೇಳಿದ್ರೆ ಆ ದುಡ್ಡು ಹಂದಿಗೂಡನ್ನ ಊರಾಚೆ ಕಟ್ಟೋಕೆ, ಅದನ್ನ ಸಾಕಿ ಬದುಕೋ ಜನಕ್ಕೆ ಜಾಗ, ಶೆಡ್ಡು ಕೊಡೋಕೆ ಹೋಗಬೇಕು. ಹಂದಿ ಹಿಡ್ಕೊಂಡು ಹೋಗಿ ಎಲ್ಲೋ ಬಿಟ್ಟು ಬಂದ್ರೆ ಆ ಬಡವರ ಅನ್ನ ಹೋಗುತ್ತೆ, ಮೂರು ತಿಂಗಳಿಗೆ ಹಂದಿ ವಾಪಸ್ ಬಂದಿರ್ತವೆ.

ಈಗ ನಿಮ್ಮ ಮನೆ ವಿಷಯ. ಅಕ್ಕನ ಮಗ ದಸರಾಕ್ಕೆ ಬರ್ತಾನೆ ಅಂದ್ರಿ, ಅದು ಎರಡನೇ ಅಲೆಯ ತಿಂಗಳುಗಳಲ್ಲೇ ಬೀಳುತ್ತೆ. ಕೆಲವು ದಿನಕ್ಕೆ ಬಂದು ಹೋಗೋ ಮಗುಗೆ ಅಪಾಯ ಚಿಕ್ಕದು, ಆದ್ರೆ ಅವನ ಮೈಗೆ ಈ ವೈರಸ್ ಪರಿಚಯ ಇಲ್ಲ, ವರ್ಷಾ ವರ್ಷಾ ರಜೆಗೆ ಇಲ್ಲೇ ಬರೋನಾದ್ರೆ ಲಸಿಕೆ ಹಾಕಿಸೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಅಕ್ಕನಿಗೆ ಈಗಲೇ ಅಲ್ಲಿನ ಪಿಎಚ್‌ಸಿಲಿ ಇಲ್ಲಾ ಮಕ್ಕಳ ಡಾಕ್ಟ್ರ ಹತ್ರ ಕೇಳೋಕೆ ಹೇಳಿ, ಹೊರಡೋ ಹಿಂದಿನ ದಿನ ಹಾಕಿಸಿದ್ರೆ ಪ್ರಯೋಜನ ಇಲ್ಲ, ಮೈಲಿ ಶಕ್ತಿ ಬರೋಕೆ ವಾರಗಳು ಬೇಕು. ಇಲ್ಲಿಗೆ ಬಂದಾಗ ಸಂಜೆ ಆರರ ಮೇಲೆ ಮಕ್ಕಳನ್ನ ಗದ್ದೆ ಬದು, ಹಂದಿ ಇರೋ ಕಡೆ, ಕೊಟ್ಟಿಗೆ ಕಡೆ ಆಡೋಕೆ ಬಿಡಬೇಡಿ, ತುಂಬು ತೋಳಿನ ಅಂಗಿ, ಪ್ಯಾಂಟು ಹಾಕಿ, ಸೆಖೆ ಅಂತ ಅಂಗಳದಲ್ಲಿ ಮಲಗಿಸಿದ್ರೆ ಸೊಳ್ಳೆಪರದೆ ಒಳಗೇ ಮಲಗಿಸಿ.

ಸೊಳ್ಳೆ ಕಚ್ಚಿ ಐದರಿಂದ ಹದಿನೈದು ದಿನದೊಳಗೆ ಕಾಯಿಲೆ ಕಾಣೋದು, ಅಂದ್ರೆ ಹುಡುಗ ಶಿರಸಿಗೆ ವಾಪಸ್ ಹೋದ ಮೇಲೂ ಕಾಣಬಹುದು, ಇದನ್ನ ಅಕ್ಕನಿಗೆ ಹೇಳಿಟ್ಟಿರಿ. ಜೋರು ಜ್ವರ, ತಲೆನೋವು, ವಾಂತಿ, ಆಮೇಲೆ ಮಗು ಮಂಕಾಗೋದು, ಏನೇನೋ ಮಾತಾಡೋದು, ಪಿಟ್ಸ್, ಇವು ಕಂಡ್ರೆ ಒಂದು ಗಂಟೆನೂ ಕಾಯಬೇಡಿ, ದೊಡ್ಡ ಆಸ್ಪತ್ರೆಗೆ ಹೋಗಿ, ಹೋದ ತಕ್ಷಣ "ಗಂಗಾವತಿಗೆ ಹೋಗಿ ಬಂದಿದ್ವಿ" ಅಂತ ಹೇಳಿ. ವೈರಸ್ ಕೊಲ್ಲೋ ಔಷಧಿ ಇದಕ್ಕಿಲ್ಲ, ಆದ್ರೆ ಪಿಟ್ಸ್ ನಿಲ್ಲಿಸಿ, ಮೆದುಳಿನ ಬಾವು ಇಳಿಸಿ, ಉಸಿರಾಟ ನೋಡ್ಕೊಂಡ್ರೆ ಮಗು ಉಳಿಯೋ ಅವಕಾಶ ಹೆಚ್ಚಾಗುತ್ತೆ, ಆ ಮೊದಲ ಗಂಟೆಗಳು ಬಹಳ ಮುಖ್ಯ. ಮೆದುಳಿಗೆ ಏರಿದ ಮೇಲೆ 100ಕ್ಕೆ 20ರಿಂದ 30 ಜನ ಉಳಿಯಲ್ಲ, ಉಳಿದವರಲ್ಲೂ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಏನಾದ್ರೂ ಊನ ನಿಂತುಬಿಡುತ್ತೆ. ನಾನು ಸೊಳ್ಳೆ ಹಿಡಿಯೋಕೆ ಹೋಗ್ತಿದ್ದ ಒಂದು ಮನೇಲಿ ಹನ್ನೆರಡು ವರ್ಷದ ಹುಡುಗ ಒಬ್ಬ ಇದ್ದ, ಐದನೇ ವರ್ಷಕ್ಕೆ ಇದು ಬಂದು ಉಳಿದೋನು, ಬಳಪ ಹಿಡಿದ್ರೆ ಕೈ ನಡುಗೋದು, ಮುಖದಲ್ಲಿ ನಗು ಬರ್ತಿರಲಿಲ್ಲ, ಅವರವ್ವ ಪ್ರತಿ ಸಂಜೆ ಅವನ ಬೆರಳನ್ನ ಒಂದೊಂದಾಗಿ ಬಿಡಿಸಿ ಎಣ್ಣೆ ಹಚ್ಚಿ ತಿಕ್ಕೋರು. ಅವನು ಹುಟ್ಟಿದಾಗ ಆ ಜಿಲ್ಲೆಲಿ ಲಸಿಕೆ ಇನ್ನೂ ಬಂದಿರಲಿಲ್ಲ.

ನಿಮ್ಮ ಮಗಳಿಗೆ ಮೊದಲ ಡೋಸ್ ಆಗಿದೆ, ಒಳ್ಳೇದು. ಆದ್ರೆ ಎರಡು ಡೋಸ್ ಆದ್ರೇನೇ ಪೂರ್ತಿ, ಎರಡನೇದು 16ರಿಂದ 24 ತಿಂಗಳೊಳಗೆ, ಮೊದಲನೇದು ಹಾಕಿಸಿ ಎರಡನೇದನ್ನ ಮರೆಯೋ ಮನೆಗಳೇ ಜಾಸ್ತಿ. ನಿಮ್ಮ ಲೆಕ್ಕದ ಪ್ರಕಾರ ಅವಳಿಗೆ 16 ತುಂಬೋದು ಜನವರಿಲಿ, ನಾಲೆಗೆ ನೀರು ಬಿಟ್ಟು ಬೇಸಿಗೆ ಭತ್ತದ ನಾಟಿ ಶುರು ಆಗೋ ಹೊತ್ತಿಗೆ ಸರಿಯಾಗಿ. ತಾಯಿ ಕಾರ್ಡ್ ತೆಗೆದು ಆ ತಿಂಗಳ ಮುಂದೆ ಈಗಲೇ ಒಂದು ಗುರುತು ಹಾಕಿ, ನಿಮ್ಮ ಓಣಿ ಆಶಾ ಅವರಿಗೂ ಹೇಳಿಡಿ.